ಎರರ್‌ನಲ್ಲಿ ನಿಮ್ಮ ಮನೆ ನಂಬರ್ ಬಂದರೆ ನಿಮ್ಮ ದಾಖಲೆಯೇ ತಪ್ಪೇ? ‘ಟೈಪ್ ಹೊಂದುತ್ತಿಲ್ಲ’ ಎಂಬ ಸಂದೇಶದ ಹಿಂದಿನ ನಿಜ

“ಮನೆ ನಂಬರ್‌ನಲ್ಲಿ ಅಡ್ಡಗೆರೆ ಇದ್ದರೆ ಕಂಪ್ಯೂಟರ್ ತಗೊಳ್ಳಲ್ಲ, ಬೇಗ ಹೋಗಿ ತಿದ್ದಿಸಿಕೊಳ್ಳಿ.” ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಂಥ ಮಾತು ಬಂದರೆ ಏನಾಗುತ್ತದೆ? ಜೊತೆಗೆ ಎರರ್ ತೋರಿಸುವ ಒಂದು ಸ್ಕ್ರೀನ್‌ಶಾಟ್ ಇದ್ದರಂತೂ ಮುಗಿಯಿತು. ಕಂಪ್ಯೂಟರೇ ಹೇಳಿದೆಯಲ್ಲ ಎಂದು ಹತ್ತು ಜನ ಫಾರ್ವರ್ಡ್ ಮಾಡುತ್ತಾರೆ. ಇಬ್ಬರು ನಿಜವಾಗಿಯೂ ವಿಳಾಸ ತಿದ್ದಿಸಲು ಹೊರಡುತ್ತಾರೆ.

ಹಾಗಾದರೆ ಕಂಪ್ಯೂಟರ್ ಹೇಳಿದ್ದು ನಿಜವೇ? ತಿಳಿಯೋಣ ಬನ್ನಿ.

ಚುಟುಕಾಗಿ

ನಂಬಿಕೆ: ಎರರ್ ಸಂದೇಶದಲ್ಲಿ ಯಾರ ಮಾಹಿತಿ ಕಾಣಿಸುತ್ತದೋ ಅವರ ದಾಖಲೆಯಲ್ಲೇ ತಪ್ಪಿದೆ.

ವಾಸ್ತವ: ಎರರ್ ಸಂದೇಶ ಹೇಳುವುದು ಯಂತ್ರ ಎಲ್ಲಿ ಮುಗ್ಗರಿಸಿತು ಎಂಬುದನ್ನು. ಎಡವಿದ ಕಲ್ಲು ಬೇರೆಲ್ಲೋ ಇರಬಹುದು. ಸರಿಯಾದ ದಾಖಲೆಯನ್ನು ಎರರ್ ನೋಡಿ ತಿದ್ದಿದರೆ ಹೊಸ ತೊಂದರೆ ಶುರುವಾಗುತ್ತದೆ.

ಒಂದು ಉದಾಹರಣೆ ನೋಡೋಣ

ಬೆಂಗಳೂರಿನ ಪಶ್ಚಿಮಕ್ಕಿರುವ ದೀಪಾಂಜಲಿ ನಗರವನ್ನೇ ತೆಗೆದುಕೊಳ್ಳಿ. ಮೈಸೂರು ರಸ್ತೆಯ ಪಕ್ಕ, 2015ರ ನವೆಂಬರ್‌ನಿಂದ ಮೆಟ್ರೊ ನಿಲ್ದಾಣವೂ ಇರುವ ಬಡಾವಣೆ. ಅಲ್ಲಿನ ನಿವಾಸಿಗಳ ಸಂಘವೊಂದು ಮನೆಗಳ ಪಟ್ಟಿಯನ್ನು ಕಂಪ್ಯೂಟರ್‌ಗೆ ಏರಿಸಿದೆ ಎಂದುಕೊಳ್ಳೋಣ. ಈ ಸಂಘ ನಮ್ಮ ಕಲ್ಪನೆ. ಮುಂದೆ ಹೇಳುವ ಡೇಟಾಬೇಸ್‌ಗಳ ವರ್ತನೆ ಮಾತ್ರ ನಿಜವಾದದ್ದು.

ನಮ್ಮ ಊರುಗಳಲ್ಲಿ ಮನೆ ನಂಬರ್ ಬರೀ ಅಂಕಿಯಾಗಿ ಉಳಿಯುವುದಿಲ್ಲ. ಅಣ್ಣ ತಮ್ಮ ಸೈಟು ಭಾಗ ಮಾಡಿಕೊಂಡರೆ 12 ಇದ್ದದ್ದು 12/1, 12/2 ಆಗುತ್ತದೆ. ಹಿಂದೆ ಒಂದು ಮನೆ ಕಟ್ಟಿದರೆ 12/ಎ ಬರುತ್ತದೆ. ಅದಕ್ಕೇ ಪಟ್ಟಿ ಮಾಡಿದವರು ಮನೆ ನಂಬರ್ ಕಾಲಂ ಅನ್ನು ‘ಅಕ್ಷರ’ ಎಂಬ ಬಗೆಯಲ್ಲಿ ಇಟ್ಟಿದ್ದಾರೆ. ಅದು ಸರಿಯಾದ ನಿರ್ಧಾರ.

ತಿಂಗಳುಗಟ್ಟಲೆ ಎಲ್ಲ ಚೆನ್ನಾಗಿ ನಡೆಯಿತು. ಒಂದು ದಿನ 12/ಎ ಮನೆಗೆ ಹೊಸ ಬಾಡಿಗೆದಾರರು ಬಂದು ಹೆಸರು ಬರೆಸಿದರು. ಮಾರನೇ ದಿನದಿಂದ ಯಾರ ಮನೆ ಹುಡುಕಿದರೂ ಎರರ್. ಸಂದೇಶದ ತಾತ್ಪರ್ಯ ಇಷ್ಟು: ‘12/ಎ ಎಂಬುದನ್ನು ಪೂರ್ಣಾಂಕವಾಗಿ ಬದಲಿಸಲು ಆಗಲಿಲ್ಲ.’

ನೋಡಿದವರೆಲ್ಲ ಬೆರಳು ತೋರಿಸಿದ್ದು ಹೊಸದಾಗಿ ಬಂದವರ ಕಡೆಗೆ. ನಿನ್ನೆವರೆಗೆ ಸರಿ ಇತ್ತು, ಇವರು ಬಂದ ಮೇಲೆ ಕೆಟ್ಟಿತು ಎಂದು.

ತಪ್ಪು ಎಲ್ಲಿತ್ತು?

ಡೇಟಾಬೇಸ್ ಎಂದರೆ ಸಾಲು ಮತ್ತು ಕಾಲಂ ಇರುವ ದೊಡ್ಡ ಲೆಕ್ಕದ ಪುಸ್ತಕ. ಅದರಿಂದ ಮಾಹಿತಿ ಕೇಳಲು ಎಸ್‌ಕ್ಯೂಎಲ್ ಎಂಬ ಭಾಷೆ ಇದೆ. 1970ರ ದಶಕದ ಆರಂಭದಲ್ಲಿ ಐಬಿಎಂ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಇದನ್ನು ರೂಪಿಸಿದರು. ಆ ಭಾಷೆಯಲ್ಲಿ ಕೇಳುವ ಪ್ರಶ್ನೆಗೆ ‘ಕ್ವೆರಿ’ ಎನ್ನುತ್ತಾರೆ. ಕ್ವೆರಿಯನ್ನು ಓದಿ, ಪದ ಬಿಡಿಸಿ, ಏನು ಕೇಳಿದ್ದಾರೆ ಎಂದು ಅರ್ಥ ಮಾಡಿಕೊಳ್ಳುವ ಭಾಗವೇ ‘ಪಾರ್ಸರ್’. ಮೇಷ್ಟ್ರು ವಾಕ್ಯ ಬಿಡಿಸಿ ಕರ್ತೃ, ಕರ್ಮ, ಕ್ರಿಯಾಪದ ಗುರುತಿಸುವ ಹಾಗೆ. ಪದಗಳ ಬಗೆ ಒಂದಕ್ಕೊಂದು ಹೊಂದುತ್ತವೆಯೇ ಎಂಬ ಪರೀಕ್ಷೆ ಅದರ ನಂತರದ್ದು.

ಇದೇನು ದೂರದ ವಿಷಯವಲ್ಲ. ನಿಮ್ಮ ಫೋನಿನೊಳಗೂ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಕೆಲಸ ಮಾಡುತ್ತಿರುತ್ತದೆ. ನೀವು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಫಾರ್ವರ್ಡ್ ಕೂಡ ಫೋನಿನಲ್ಲಿ ಉಳಿಯುವುದು ಅಂಥ ಡೇಟಾಬೇಸಿನಲ್ಲೇ.

ಎಸ್‌ಕ್ಯೂಎಲ್‌ನಲ್ಲಿ ಅಂಕಿಯನ್ನು ಹಾಗೇ ಬರೆಯಬಹುದು. ಅಕ್ಷರವನ್ನು ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು. ನಮ್ಮ ಉದಾಹರಣೆಯಲ್ಲಿ ಪ್ರೋಗ್ರಾಂ ಬರೆದವರು ‘ಮನೆ ನಂಬರ್ 12 ಆಗಿರುವ ಸಾಲು ಕೊಡು’ ಎಂದು ಕೇಳುವಾಗ 12ಕ್ಕೆ ಚಿಹ್ನೆ ಹಾಕಿರಲಿಲ್ಲ. ಕಾಲಂ ಅಕ್ಷರದ್ದು, ಕೇಳಿದ್ದು ಅಂಕಿ. ಮೂಲ ತಪ್ಪು ಇಷ್ಟೇ. ಅದು ಮೊದಲ ದಿನದಿಂದಲೂ ಅಲ್ಲೇ ಕೂತಿತ್ತು.

ಒಂದೇ ತಪ್ಪು, ನಾಲ್ಕು ಉತ್ತರ

ಇದೇ ಪ್ರಶ್ನೆಯನ್ನು ಬೇರೆ ಬೇರೆ ಡೇಟಾಬೇಸ್‌ಗೆ ಕೇಳಿದರೆ ಉತ್ತರ ಬೇರೆ ಬೇರೆ.

• ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್: ಇದರ ನಿಯಮದಲ್ಲಿ ಅಕ್ಷರಕ್ಕಿಂತ ಪೂರ್ಣಾಂಕಕ್ಕೆ ಆದ್ಯತೆ ಹೆಚ್ಚು. ಹಾಗಾಗಿ ಕಾಲಂನಲ್ಲಿರುವ ಅಕ್ಷರಗಳನ್ನು ಒಂದೊಂದಾಗಿ ಅಂಕಿಯಾಗಿ ಬದಲಿಸುತ್ತಾ ಹೋಗುತ್ತದೆ. 10, 11, 12 ಬದಲಾಗುತ್ತವೆ. 12/ಎ ಎದುರಾದಾಗ ನಿಲ್ಲುತ್ತದೆ. ಸಂದೇಶದಲ್ಲಿ ಆ 12/ಎ ಯನ್ನೇ ತೋರಿಸುತ್ತದೆ. ಅಂಥ ಸಾಲು ಬರುವವರೆಗೆ ತಪ್ಪು ಹೊರಗೆ ಕಾಣುವುದೇ ಇಲ್ಲ.

• ಮೈಎಸ್‌ಕ್ಯೂಎಲ್: ಇದು ಸುಮ್ಮನೆ ಹೊಂದಿಸಿಕೊಂಡು ಹೋಗುತ್ತದೆ. 12/ಎ ಯಲ್ಲಿ ಮುಂದಿರುವ 12 ಅನ್ನು ಮಾತ್ರ ಓದಿ, ಉಳಿದದ್ದನ್ನು ಬಿಡುತ್ತದೆ. ಆದ್ದರಿಂದ 12 ಕೇಳಿದರೆ 12, 12/1, 12/ಎ ಎಲ್ಲವೂ ಬರುತ್ತವೆ. ಒಂದು ಎಚ್ಚರಿಕೆ ದಾಖಲಾಗುತ್ತದೆ, ಆದರೆ ಅದನ್ನು ನೋಡುವವರು ಕಡಿಮೆ. ಒಬ್ಬರ ಬಾಕಿ ಇನ್ನೊಬ್ಬರ ಲೆಕ್ಕಕ್ಕೆ ಸೇರಿದರೂ ಪರದೆಯ ಮೇಲೆ ಎರರ್ ಇಲ್ಲ.

• ಪೋಸ್ಟ್‌ಗ್ರೆಸ್‌ಕ್ಯೂಎಲ್: ಒಂದು ಸಾಲನ್ನೂ ಮುಟ್ಟುವ ಮೊದಲೇ ತಡೆಯುತ್ತದೆ. ಅಕ್ಷರವನ್ನೂ ಪೂರ್ಣಾಂಕವನ್ನೂ ಹೀಗೆ ಹೋಲಿಸಲು ಆಗದು ಎಂದು ಎರಡೂ ಬಗೆಗಳ ಹೆಸರು ಹೇಳುತ್ತದೆ. ಕ್ವೆರಿಯ ಯಾವ ಜಾಗದಲ್ಲಿ ತೊಂದರೆ ಎಂದು ಕೆಳಗೊಂದು ಬಾಣದಂಥ ಗುರುತು ಹಾಕುತ್ತದೆ. ಬಗೆಯನ್ನು ಸ್ಪಷ್ಟವಾಗಿ ಬದಲಿಸಬೇಕಾಗಬಹುದು ಎಂಬ ಸುಳಿವನ್ನೂ ಕೊಡುತ್ತದೆ.

• ಎಸ್‌ಕ್ಯೂಲೈಟ್: ಕಾಲಂ ಅಕ್ಷರದ್ದು ಎಂದು ನೋಡಿ, ಕೇಳಿದ 12 ಅನ್ನೇ ಅಕ್ಷರವಾಗಿ ಮಾಡಿಕೊಳ್ಳುತ್ತದೆ. ಸರಿಯಾಗಿ 12 ಒಂದೇ ಸಿಗುತ್ತದೆ.

ದಾಖಲೆ ಒಂದೇ, ಪ್ರಶ್ನೆ ಒಂದೇ. ದಾಖಲೆಯೇ ತಪ್ಪಾಗಿದ್ದರೆ ಎಸ್‌ಕ್ಯೂಲೈಟ್‌ನಲ್ಲಿ ಸರಿಯಾದ ಉತ್ತರ ಬರುತ್ತಿರಲಿಲ್ಲ.

ಎಲ್ಲೂ ಇಲ್ಲದ ‘ಡಬಲ್’

ಇನ್ನೂ ದಾರಿ ತಪ್ಪಿಸುವ ಒಂದು ಸಂದೇಶ ಮೈಎಸ್‌ಕ್ಯೂಎಲ್‌ನಲ್ಲಿದೆ. ಪ್ರೋಗ್ರಾಂ ಬರೆಯುವವರಿಗೆ ಇದು ಚಿರಪರಿಚಿತ. ಒಬ್ಬರ ಹೆಸರು ಮತ್ತು ಫೋನ್ ನಂಬರ್ ಎರಡನ್ನೂ ಬದಲಿಸಬೇಕು. ಎರಡರ ನಡುವೆ ಅಲ್ಪವಿರಾಮ ಹಾಕಬೇಕಾದಲ್ಲಿ ಇಂಗ್ಲಿಷಿನಲ್ಲಿ ‘ಆ್ಯಂಡ್’ ಎಂದು ಬರೆದುಬಿಟ್ಟರೆ ‘ಡಬಲ್ ಮೌಲ್ಯ ಸರಿಯಿಲ್ಲ, ಮೊಟಕಾಗಿದೆ’ ಎಂಬರ್ಥದ ಎರರ್ ಬರುತ್ತದೆ.

ಡಬಲ್ ಎಂದರೆ ದಶಮಾಂಶ ಸಂಖ್ಯೆ ಇಡುವ ಒಂದು ಬಗೆ. ಬದಲಿಸುತ್ತಿರುವುದು ಹೆಸರು ಮತ್ತು ಫೋನ್, ಇದರಲ್ಲಿ ದಶಮಾಂಶ ಎಲ್ಲಿಂದ ಬಂತು? ಎಸ್‌ಕ್ಯೂಎಲ್‌ನಲ್ಲಿ ‘ಆ್ಯಂಡ್’ ಎಂದರೆ ‘ಇದೂ ನಿಜ, ಅದೂ ನಿಜವೇ?’ ಎಂಬ ಪರೀಕ್ಷೆ. ಪಾರ್ಸರ್ ಅದನ್ನು ಹಾಗೇ ಓದಿತು. ಪರೀಕ್ಷೆ ಮಾಡಲು ಹೆಸರನ್ನು ಸಂಖ್ಯೆಯಾಗಿ ಬದಲಿಸಲು ಹೋಯಿತು. ಅಕ್ಷರವನ್ನು ಸಂಖ್ಯೆ ಮಾಡುವಾಗ ಅದು ಬಳಸುವುದು ಡಬಲ್ ಬಗೆಯನ್ನು. ಹೆಸರು ಸಂಖ್ಯೆಯಾಗಲಿಲ್ಲ, ಎರರ್ ಬಂತು. ಸಂದೇಶದಲ್ಲಿ ಪಾಪ ಆ ವ್ಯಕ್ತಿಯ ಹೆಸರು ಕಾಣಿಸಿಕೊಂಡಿತು. ತಪ್ಪು ಇದ್ದದ್ದು ಒಂದು ಅಲ್ಪವಿರಾಮದಲ್ಲಿ.

ಕನ್ನಡ ಅಂಕಿ ಬರೆದರೆ?

ಇದು ನಮಗೆ ಹತ್ತಿರದ ಪ್ರಶ್ನೆ. ಯೂನಿಕೋಡ್‌ನಲ್ಲಿ ಕನ್ನಡದ ೦ಯಿಂದ ೯ರವರೆಗೆ ಹತ್ತೂ ಅಂಕಿಗಳಿಗೆ ಸ್ವಂತ ಸ್ಥಾನವಿದೆ. ಅವು ಅಂಕಿಗಳೆಂದೇ ಅಲ್ಲಿ ದಾಖಲಾಗಿವೆ. ಪೈಥಾನ್ ಭಾಷೆಗೆ ೧೨ ಕೊಟ್ಟು ಪೂರ್ಣಾಂಕ ಮಾಡು ಎಂದರೆ ಹನ್ನೆರಡು ಎಂದೇ ಓದಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್ ಮಾತ್ರ ‘ಇದು ಸಂಖ್ಯೆಯಲ್ಲ’ ಎನ್ನುತ್ತದೆ.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಇನ್ನೂ ವಿಚಿತ್ರ. ಕ್ವೆರಿಯಲ್ಲಿ ಚಿಹ್ನೆ ಹಾಕದೆ ೧೨ ಎಂದು ಬರೆದರೆ, ‘೧೨ ಎಂಬ ಕಾಲಂ ಇಲ್ಲ’ ಎನ್ನುತ್ತದೆ! ಕಾಲಂ ವಿಷಯವನ್ನು ನಾವು ಎತ್ತಿಯೇ ಇಲ್ಲ. ಅದರ ಪಾರ್ಸರ್‌ಗೆ ಅಂಕಿ ಎಂದರೆ 0ಯಿಂದ 9 ಮಾತ್ರ. ಉಳಿದ ಲಿಪಿಗಳ ಎಲ್ಲ ಗುರುತುಗಳನ್ನೂ ಹೆಸರಿನ ಅಕ್ಷರ ಎಂದು ಓದುತ್ತದೆ. ಸಂದೇಶವನ್ನೇ ನಂಬಿದವರು ಇಲ್ಲದ ಕಾಲಂ ಹುಡುಕುತ್ತಾ ಕೂರಬೇಕು.

ಹಾಗಾದರೆ ‘ಕನ್ನಡದಲ್ಲಿ ಬರೆದರೆ ಕಂಪ್ಯೂಟರ್‌ಗೆ ಅರ್ಥವಾಗಲ್ಲ’ ಎಂಬ ಮಾತು ನಿಜವೇ? ಅಲ್ಲ. ಕನ್ನಡ ಅಂಕಿಯನ್ನು ಒಳಗೆ ಬರುವ ಬಾಗಿಲಲ್ಲೇ ಬದಲಿಸಿಕೊಳ್ಳುವುದು ಕೆಲವೇ ಸಾಲಿನ ಕೆಲಸ. ಪ್ರೋಗ್ರಾಂ ಬರೆದವರು ಅದನ್ನು ಮಾಡಿದ್ದಾರೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ.

ಇಂಥ ಸಂದೇಶಗಳನ್ನು ಸರಿಪಡಿಸುವುದು ಹೇಗೆ?

ಡೇಟಾಬೇಸ್ ಕಟ್ಟುವವರಿಗೂ ಈ ಸಮಸ್ಯೆ ಗೊತ್ತು. ಅವರು ಮಾಡುವ ಕೆಲಸ ಹೀಗಿರುತ್ತದೆ:

1. ಜಾಗ ನೆನಪಿಡುವುದು. ಕ್ವೆರಿಯ ಪ್ರತಿ ಪದ ಎಷ್ಟನೇ ಅಕ್ಷರದಿಂದ ಶುರುವಾಯಿತು ಎಂದು ಪಾರ್ಸರ್ ಬರೆದಿಟ್ಟುಕೊಳ್ಳಬೇಕು. ಮುಂದಿನ ಹಂತದಲ್ಲಿ ಎರರ್ ಬಂದರೂ ಆ ಜಾಗವನ್ನೇ ತೋರಿಸಬಹುದು.

2. ಎರಡೂ ಕಡೆ ಹೇಳುವುದು. ‘ಬಗೆ ಹೊಂದುತ್ತಿಲ್ಲ’ ಎಂದರೆ ಸಾಲದು. ಯಾವ ಕಾಲಂ, ಅದರ ಬಗೆ ಏನು, ಕೊಟ್ಟದ್ದು ಯಾವ ಬಗೆ ಎಂದು ಹೇಳಬೇಕು.

3. ಮೊದಲ ತಪ್ಪಿಗೆ ನಿಲ್ಲುವುದು. ಒಂದು ಪದದ ಬಗೆ ತಿಳಿಯದಿದ್ದರೆ ಅದರಿಂದ ಹುಟ್ಟುವ ಉಳಿದ ಹತ್ತು ದೂರುಗಳನ್ನು ಹೇಳಬಾರದು. ಇಲ್ಲದಿದ್ದರೆ ಕೊನೆಯ ದೂರೇ ಮೂಲ ಎಂದು ಜನ ನಂಬುತ್ತಾರೆ.

4. ಸಂದೇಶವನ್ನೂ ಪರೀಕ್ಷಿಸುವುದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ತಂಡದ ಪರೀಕ್ಷೆಗಳಲ್ಲಿ ಎರರ್‌ನ ಮಾತುಗಳನ್ನೂ ನಿರೀಕ್ಷಿತ ಉತ್ತರದ ಜೊತೆ ಹೋಲಿಸಲಾಗುತ್ತದೆ.

ಹೀಗೆ ಸರಿಯಾದ ಉದಾಹರಣೆಗಳಿವೆ. ಕಾಲಂನಲ್ಲಿ ಹಿಡಿಸದಷ್ಟು ಉದ್ದದ ಮಾಹಿತಿ ಬಂದಾಗ ಎಸ್‌ಕ್ಯೂಎಲ್ ಸರ್ವರ್ ಹಲವು ವರ್ಷ ‘ಮಾಹಿತಿ ಮೊಟಕಾಗುತ್ತದೆ’ ಎಂದಷ್ಟೇ ಹೇಳುತ್ತಿತ್ತು. ಯಾವ ಕಾಲಂ ಎಂದು ಹೇಳುತ್ತಿರಲಿಲ್ಲ. 2019ರ ಆವೃತ್ತಿಯಿಂದ ಟೇಬಲ್ಲಿನ ಹೆಸರು, ಕಾಲಂ, ಮೊಟಕಾದ ಮೌಲ್ಯ ಮೂರನ್ನೂ ಹೇಳುವ ಸಂದೇಶ ರೂಢಿಗೆ ಬಂತು. 2008ರಲ್ಲಿ ಬಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ 8.3 ಆವೃತ್ತಿ, ಅಂಕಿ ಮತ್ತು ದಿನಾಂಕಗಳನ್ನು ತಾನಾಗಿಯೇ ಅಕ್ಷರಕ್ಕೆ ಬದಲಿಸುವ ಅಭ್ಯಾಸವನ್ನು ಬಹುಮಟ್ಟಿಗೆ ನಿಲ್ಲಿಸಿತು. ಆಗ ಎಷ್ಟೋ ಹಳೆಯ ಪ್ರೋಗ್ರಾಂಗಳು ನಿಂತುಹೋದವು. ಆದರೆ ಒಳಗೆ ಅಡಗಿದ್ದ ತಪ್ಪುಗಳು ಬೆಳಕಿಗೆ ಬಂದವು.

ಅಂಕಿಯೋ ಅಕ್ಷರವೋ? ಒಂದು ಸುಲಭ ಪರೀಕ್ಷೆ

ಎರಡನ್ನು ಕೂಡಿದರೆ ಅರ್ಥವಿದೆಯೇ ಎಂದು ಕೇಳಿ. ದೀಪಾಂಜಲಿ ನಗರದ ಪಿನ್ 560026. ಅದಕ್ಕೆ ಇನ್ನೊಂದು ಊರಿನ ಪಿನ್ ಕೂಡಿದರೆ ಏನೂ ಸಿಗುವುದಿಲ್ಲ. ಮನೆ ನಂಬರ್, ಫೋನ್ ನಂಬರ್, ಬ್ಯಾಂಕ್ ಖಾತೆ ಸಂಖ್ಯೆ ಎಲ್ಲವೂ ಹೀಗೇ. ಅವು ಅಂಕಿಯ ವೇಷದಲ್ಲಿರುವ ಹೆಸರುಗಳು. ಅವನ್ನು ಅಕ್ಷರದ ಬಗೆಯಲ್ಲೇ ಇಡಬೇಕು. ಸಂಘದ ಪಟ್ಟಿಯನ್ನು ನೀವು ಎಕ್ಸೆಲ್‌ನಲ್ಲಿ ಮಾಡುತ್ತಿದ್ದರೂ ಇದು ನೆನಪಿರಲಿ. ಸಂಖ್ಯೆ ಎಂದು ಟೈಪ್ ಮಾಡಿದರೆ ಖಾತೆ ಸಂಖ್ಯೆಯ ಮುಂದಿನ ಸೊನ್ನೆ ಹೋಗುತ್ತದೆ. 15 ಅಂಕಿ ಮೀರಿದರೆ ಮುಂದಿನವೆಲ್ಲ ಸೊನ್ನೆಯಾಗುತ್ತವೆ. ಎರಡಕ್ಕೂ ಎರರ್ ಬರುವುದಿಲ್ಲ.

ನೀವೇನು ಮಾಡಬೇಕು?

• ಎರರ್ ನೋಡಿ ಸರಿಯಾಗಿರುವ ವಿಳಾಸ, ಹೆಸರು ತಿದ್ದಿಸಬೇಡಿ. ಒಂದು ದಾಖಲೆಯಲ್ಲಿ 12/ಎ, ಇನ್ನೊಂದರಲ್ಲಿ 12 ಎಂದಾದರೆ ಆಗ ನಿಜವಾದ ಹೊಂದಾಣಿಕೆಯ ತೊಂದರೆ ಶುರು.

• ಸಂದೇಶವನ್ನು ಪೂರ್ತಿಯಾಗಿ, ಸಮಯದ ಸಮೇತ ಬರೆದಿಟ್ಟುಕೊಳ್ಳಿ. ಏನು ಒತ್ತಿದಾಗ ಬಂತು ಎಂಬುದನ್ನೂ ಬರೆಯಿರಿ. ಅದನ್ನು ಆ ಸೇವೆ ನಡೆಸುವವರಿಗೇ ಕೊಡಿ.

• ಸ್ಕ್ರೀನ್‌ಶಾಟ್ ಗುಂಪಿಗೆ ಹಾಕಬೇಡಿ. ಅದರಲ್ಲಿ ಯಾರದೋ ಹೆಸರು, ಮನೆ ನಂಬರ್, ಫೋನ್ ಇರಬಹುದು.

• ‘ಎರರ್ ಸರಿಮಾಡಲು ಈ ಲಿಂಕ್ ಒತ್ತಿ, ಒಟಿಪಿ ಹೇಳಿ’ ಎಂದರೆ ಅದು ಮೋಸ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ

‘ಎರರ್‌ನಲ್ಲಿ ಕಂಡವರ ದಾಖಲೆಯೇ ತಪ್ಪು’ ಎಂಬ ಮಾತು ಸರಿಯಲ್ಲ. ಅಡ್ಡಗೆರೆ ಇರುವ ಮನೆ ನಂಬರ್ ಕಂಪ್ಯೂಟರ್‌ಗೆ ಆಗದ ವಸ್ತುವೇನಲ್ಲ. ನಮ್ಮ ಉದಾಹರಣೆಯ ಸಂಘದಲ್ಲಿ ತಿದ್ದಬೇಕಾದದ್ದು ಹೊಸ ಬಾಡಿಗೆದಾರರ ವಿಳಾಸವಲ್ಲ, ಕ್ವೆರಿಯಲ್ಲಿ ಬಿಟ್ಟುಹೋದ ಎರಡು ಪುಟ್ಟ ಚಿಹ್ನೆಗಳು. ಅವನ್ನು ಹಾಕಿದರೆ 12/ಎ ಹಾಗೇ ಇರುತ್ತದೆ, ಹುಡುಕಿದ ಮನೆಯೂ ಸಿಗುತ್ತದೆ.