ಕಪಾಟಿನ ಕ್ಯಾಸೆಟ್ಟು, ಸಿಡಿಗಳಿಗೆ ಟಿವಿ ಪಕ್ಕದಲ್ಲೊಂದು ಕಂಪ್ಯೂಟರು

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯ ಹಳೆಯ ಮನೆಗಳಲ್ಲಿ ಕಪಾಟಿನ ಕೆಳಖಾನೆ ತೆರೆದರೆ ಈಗಲೂ ಕಾಣಸಿಗುವುದು ತಾಳಮದ್ದಳೆಯ ಕ್ಯಾಸೆಟ್ಟು, ಯಕ್ಷಗಾನದ ವಿಸಿಡಿ, ಮದುವೆಯ ವಿಎಚ್‌ಎಸ್ ಟೇಪು, ಮಗನ ಉಪನಯನದ ಡಿವಿಡಿ. ಹಾಕಿ ನೋಡೋಣವೆಂದರೆ ಪ್ಲೇಯರು ಕೆಟ್ಟು ಗುಜರಿಗೆ ಹೋಗಿ ವರ್ಷಗಳಾಗಿವೆ. ತೀರಿಕೊಂಡ ಹಿರಿಯರ ದನಿ ಎಷ್ಟೋ ಮನೆಗಳಲ್ಲಿ ಈ ಪೆಟ್ಟಿಗೆಯೊಳಗೆ ಮಾತ್ರ ಉಳಿದಿದೆ. ನಮ್ಮ ಮಳೆಗಾಲದ ತೇವಕ್ಕೆ ಅದೂ ಬೂಷ್ಟಿನ ಪಾಲಾಗುತ್ತಿದೆ.

ಇವನ್ನೆಲ್ಲ ಹಾರ್ಡ್ ಡಿಸ್ಕಿಗೆ ಇಳಿಸಿ, ಟಿವಿಗೆ ಜೋಡಿಸಿದ ಕಂಪ್ಯೂಟರಿನಿಂದ ರಿಮೋಟ್ ಒತ್ತಿ ನೋಡುವ ಏರ್ಪಾಡಿಗೆ ಹೋಂ ಥಿಯೇಟರ್ ಪಿಸಿ ಎನ್ನುತ್ತಾರೆ. ಮೈಕ್ರೋಸಾಫ್ಟ್ ಕಂಪನಿ 2002ರಲ್ಲಿ ಇದಕ್ಕೆಂದೇ ವಿಂಡೋಸ್ ಎಕ್ಸ್‌ಪಿ ಮೀಡಿಯಾ ಸೆಂಟರ್ ಹೊರತಂದಿತ್ತು. 2015ರ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರನ್ನೇ ಕೈಬಿಟ್ಟಿತು. ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕಾಗಿ ಹುಟ್ಟಿದ ಎಕ್ಸ್‌ಬಿಎಂಸಿ ಮಾತ್ರ 2014ರಲ್ಲಿ 'ಕೋಡಿ' ಎಂದು ಹೆಸರು ಬದಲಿಸಿಕೊಂಡು ಇಂದಿಗೂ ಉಚಿತವಾಗಿ ಸಿಗುತ್ತಿದೆ. ಮನೆಯ ಹಲವು ಟಿವಿ, ಮೊಬೈಲುಗಳಲ್ಲಿ ನೋಡುವ ಆಸೆಯಿದ್ದರೆ 2018ರಲ್ಲಿ ಆರಂಭವಾದ 'ಜೆಲ್ಲಿಫಿನ್' ಒಳ್ಳೆಯದು. ಅದೂ ಉಚಿತವೇ.

ಯಂತ್ರಕ್ಕೆ ಹೆಚ್ಚು ಹಣ ಸುರಿಯಬೇಡಿ. ಮೂಲೆ ಸೇರಿದ ಹಳೆಯ ಡೆಸ್ಕ್‌ಟಾಪಿನಲ್ಲಿ ಎಚ್‌ಡಿಎಂಐ ಕಿಂಡಿಯಿದ್ದರೆ ವಿಸಿಡಿ, ಡಿವಿಡಿಗಳಿಗೆ ಧಾರಾಳವಾಯಿತು. ಹೊಸ ಮೊಬೈಲಿನ ಎಚ್.265 ವಿಡಿಯೋಗಳೂ ಓಡಬೇಕೆಂದರೆ 2023ರಲ್ಲಿ ಬಂದ ಇಂಟೆಲ್ ಎನ್100 ಪ್ರೊಸೆಸರಿನ ಪುಟ್ಟ ಪೆಟ್ಟಿಗೆ, 8 ಜಿಬಿ ರ್‍ಯಾಮ್, ತಂತ್ರಾಂಶಕ್ಕೆ 256 ಜಿಬಿಯ ಎಸ್‌ಎಸ್‌ಡಿ ಸಾಕು. ಆ ಪ್ರೊಸೆಸರಿನ ಘೋಷಿತ ವಿದ್ಯುತ್ ಬಳಕೆ 6 ವ್ಯಾಟ್ ಮಾತ್ರ. ಯಂತ್ರ ಕೆಟ್ಟರೆ ಇನ್ನೊಂದು ತರಬಹುದು, ಅಜ್ಜಿಯ ಹಾಡಿನ ಕ್ಯಾಸೆಟ್ಟು ಯಾವ ಅಂಗಡಿಯಲ್ಲೂ ಸಿಗದು. ಹಾಗಾಗಿ ಖರ್ಚೂ ಕಾಳಜಿಯೂ ಡಿಸ್ಕಿನ ಕಡೆಗಿರಲಿ.

ಎಷ್ಟು ಜಾಗ ಬೇಕು? ಒಂದು ವಿಸಿಡಿಗೆ ಹೆಚ್ಚೆಂದರೆ 800 ಎಂಬಿ. ಸಾಮಾನ್ಯ ಡಿವಿಡಿಗೆ 4.7 ಜಿಬಿ. ಕ್ಯಾಸೆಟ್ಟಿನ ಒಂದು ಗಂಟೆಯ ದನಿ ಕುಗ್ಗಿಸದೆ ಇಟ್ಟರೆ ಸುಮಾರು 600 ಎಂಬಿ. ಪುಟ್ಟ ಕ್ಯಾಮೆರಾಗಳ ಮಿನಿಡಿವಿ ಟೇಪು ಗಂಟೆಗೆ 13 ಜಿಬಿ ನುಂಗುತ್ತದೆ. ನೂರು ವಿಸಿಡಿ, ಐವತ್ತು ಡಿವಿಡಿ, ಅರವತ್ತು ಕ್ಯಾಸೆಟ್ಟು, ಇಪ್ಪತ್ತು ಮಿನಿಡಿವಿ ಸೇರಿಸಿದರೂ 650 ಜಿಬಿ ದಾಟುವುದಿಲ್ಲ. ಒಂದು ಕುಟುಂಬದ ಸಮಸ್ತ ನೆನಪು 1 ಟಿಬಿ ಡಿಸ್ಕಿನೊಳಗೆ ಮುಗಿಯಿತು! ಅಂದಹಾಗೆ 2 ಟಿಬಿ ಡಿಸ್ಕು ವಿಂಡೋಸಿನಲ್ಲಿ 1.81 ಎಂದು ಕಂಡರೆ ಅಂಗಡಿಯವನ ಜತೆ ಜಗಳ ಬೇಡ, ಅದು ಎಣಿಕೆಯ ಎರಡು ಕ್ರಮಗಳ ವ್ಯತ್ಯಾಸ.

ಇಳಿಸುವ ಕೆಲಸಕ್ಕೆ ತಾಳ್ಮೆ ಬೇಕು. ಕ್ಯಾಸೆಟ್ ಪ್ಲೇಯರಿನ ವಯರನ್ನು ಕಂಪ್ಯೂಟರಿನ ಹಿಂದಿನ ನೀಲಿ ಕಿಂಡಿಗೆ ಹಾಕಿ. ಗುಲಾಬಿ ಕಿಂಡಿ ಮೈಕಿನದು, ಅಲ್ಲಿ ಹಾಕಿದರೆ ಭಾಗವತರ ಪದ ಒಡೆದು ಕೇಳುತ್ತದೆ. ಧ್ವನಿಮುದ್ರಣಕ್ಕೆ ಉಚಿತ 'ಆಡಾಸಿಟಿ' ಸಾಕು. ವಿಸಿಡಿಯ ಸಮಸ್ಯೆ ಬೇರೆ. ಜಾಗ ಉಳಿಸಲೆಂದು ಅದರ ವಿಡಿಯೋ ಭಾಗಕ್ಕೆ ದೋಷ ತಿದ್ದುವ ಹೆಚ್ಚುವರಿ ಗುರುತುಗಳನ್ನು ಕೊಟ್ಟಿಲ್ಲ. ಒಂದು ಗೀರು ಬಿದ್ದರೆ ವಿಂಡೋಸಿನ ಮಾಮೂಲಿ ಕಾಪಿ ಅಲ್ಲೇ ನಿಂತುಬಿಡುತ್ತದೆ. ದೋಷ ಬಂದರೂ ಬಿಟ್ಟು ಮುಂದೆ ಹೋಗುವ 'ಐಸೊಬಸ್ಟರ್'ನಂಥ ತಂತ್ರಾಂಶ ಬಳಸಿ. ಡಿಸ್ಕನ್ನು ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಅಲ್ಲ. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಲೇಬಲ್ಲಿನ ಅಡಿಯಲ್ಲೇ. ಆದ್ದರಿಂದ ಹೆಸರು ಬರೆದ ಬದಿಯ ಗೀರೇ ಹೆಚ್ಚು ಅಪಾಯಕಾರಿ. ಡಿವಿಡಿಯಾದರೆ ಇಡೀ ಫೋಲ್ಡರನ್ನೇ ಇಳಿಸಿಕೊಳ್ಳಿ. ಬಿಳಿ ಬೂಷ್ಟು ಹಿಡಿದ ವಿಎಚ್‌ಎಸ್ ಟೇಪನ್ನು ಮಾತ್ರ ಸ್ವಚ್ಛಗೊಳಿಸದೆ ಪ್ಲೇಯರಿಗೆ ಹಾಕಲೇಬೇಡಿ. ಬೂಷ್ಟು ಯಂತ್ರಕ್ಕಂಟಿ ಉಳಿದ ಟೇಪುಗಳಿಗೂ ಹರಡುತ್ತದೆ.

ಇಳಿಸಿದ್ದಾಯಿತೆಂದು ಮೂಲ ಪ್ರತಿ ಎಸೆಯುವವರಿದ್ದಾರೆ. ದಯವಿಟ್ಟು ಬೇಡ. ಒಂದೇ ಡಿಸ್ಕಿನಲ್ಲಿರುವುದು ಇಲ್ಲದ ಹಾಗೆಯೇ ಎಂದು ತಿಳಿಯಿರಿ. ಒಂದೇ ಅಳತೆಯ ಎರಡು ಡಿಸ್ಕು ಕೊಂಡು, ಎರಡನೆಯದನ್ನು ಪ್ರತಿ ಮಾಡಿದ ಮೇಲೆ ಕಳಚಿ ಬೇರೆ ಮನೆಯಲ್ಲಿಡಿ. ಮಂಗಳೂರಿನ ಮಗಳ ಮನೆಯಾದರೂ ಆದೀತು. ಎರಡು ಡಿಸ್ಕುಗಳನ್ನು 'ರೇಡ್' ಎಂಬ ಜೋಡಿ ಏರ್ಪಾಡಿನಲ್ಲಿ ಹಾಕಿದ್ದೇವೆ, ಸಾಕಲ್ಲ ಎನ್ನುವವರಿಗೆ ಒಂದು ಮಾತು: ಮೊಮ್ಮಗ ಫೈಲು ಅಳಿಸಿದರೆ ಅದು ಎರಡರಲ್ಲೂ ಅದೇ ಕ್ಷಣ ಅಳಿಯುತ್ತದೆ. ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಸುಡುತ್ತವೆ. ನಮ್ಮಲ್ಲಿ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವ ದಿನಗಳಲ್ಲಿ ಸಿಡಿಲೂ ಜೋರು. ಆಗ ವಿದ್ಯುತ್ ಪ್ಲಗ್ಗಿನ ಜತೆಗೆ ಕೇಬಲ್ ಟಿವಿ ಮತ್ತು ಇಂಟರ್‌ನೆಟ್ ವಯರುಗಳನ್ನೂ ಕಳಚಬೇಕು. ಯುಪಿಎಸ್ ಇದ್ದರೆ ಕರೆಂಟು ಹೋದಾಗ ಬರೆಯುತ್ತಿದ್ದ ಫೈಲು ಹಾಳಾಗದು, ಆದರೆ ಸಿಡಿಲಿಗೆ ಅದನ್ನು ನೆಚ್ಚಬೇಡಿ.

ಇನ್ನು ತೊಂದರೆಗಳ ವಿಚಾರ. ಚಿತ್ರ ಬಂದು ಸದ್ದು ಬಾರದಿದ್ದರೆ ಹತ್ತಕ್ಕೆ ಒಂಬತ್ತು ಸಲ ಕಂಪ್ಯೂಟರು ಸದ್ದನ್ನು ತನ್ನದೇ ಸ್ಪೀಕರ್ ಕಿಂಡಿಗೆ ಕಳಿಸುತ್ತಿರುತ್ತದೆ. ಸೌಂಡ್ ಸೆಟ್ಟಿಂಗಿನಲ್ಲಿ ಟಿವಿಯ ಹೆಸರು ಆರಿಸಿ. ಚಿತ್ರದ ಅಂಚು ಕತ್ತರಿಸಿದಂತಿದ್ದರೆ ದೋಷ ಟಿವಿಯ ಸೆಟ್ಟಿಂಗಿನದು. ಕುಣಿಯುವ ವೇಷದ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಪ್ಲೇಯರಿನಲ್ಲಿ ಡಿಇಂಟರ್‌ಲೇಸ್ ಆಯ್ಕೆ ಹಾಕಬೇಕು. ಹಳೆಯ ಟಿವಿ ಪದ್ಧತಿಯಲ್ಲಿ ಒಂದು ಚಿತ್ರವನ್ನು ಎರಡು ಕಂತಿನಲ್ಲಿ ತೋರಿಸುತ್ತಿದ್ದುದರ ಫಲ ಅದು. ಪ್ರೊಸೆಸರಿಗೆ ಭಾರವೇನೂ ಇಲ್ಲದೆ ಚಲನೆ ಕುಲುಕಿದರೆ ಲೆಕ್ಕ ನೋಡಿ: ನಮ್ಮ ಪಾಲ್ ಪದ್ಧತಿಯ ವಿಡಿಯೋದಲ್ಲಿ ಸೆಕೆಂಡಿಗೆ 25 ಚಿತ್ರ, ಕಂಪ್ಯೂಟರು ಟಿವಿಗೆ ಕಳಿಸುವುದು ಸೆಕೆಂಡಿಗೆ 60 ಸಲ. 25ರಿಂದ 60 ಸಮನಾಗಿ ಭಾಗವಾಗದು, ಕೆಲವು ಚಿತ್ರ ಎರಡು ಸಲ, ಕೆಲವು ಮೂರು ಸಲ ಬರುತ್ತದೆ. 50 ಹರ್ಟ್ಸ್‌ಗೆ ಬದಲಿಸಿದರೆ ಸರಿಹೋಗುತ್ತದೆ. ಕೋಡಿಯಲ್ಲಿ ಇದು ತಾನಾಗಿ ಆಗುವಂತೆ ಮಾಡುವ ಸೆಟ್ಟಿಂಗ್ ಇದೆ.

ಡಿಸ್ಕು ಆಗಾಗ ಮಾಯವಾದರೆ ಮೊದಲು ವಯರನ್ನು ಶಂಕಿಸಿ. ಡಿಸ್ಕಿನ ಆರೋಗ್ಯ ತಿಳಿಸುವ 'ಸ್ಮಾರ್ಟ್' ಪಟ್ಟಿಯಲ್ಲಿ 199ನೇ ಸಾಲು ಏರುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಕೇಬಲ್ಲಿನದು. 5 ಅಥವಾ 197ನೇ ಸಾಲು ಏರುತ್ತಿದ್ದರೆ ಡಿಸ್ಕೇ ಸಾಯುತ್ತಿದೆ ಎಂದರ್ಥ. ಟಕ್ ಟಕ್ ಸದ್ದು ಕೇಳಿದೊಡನೆ ಆರಿಸಿಬಿಡಿ. ರಿಪೇರಿ ತಂತ್ರಾಂಶ ಓಡಿಸುತ್ತ ಕುಳಿತರೆ ಇದ್ದದ್ದೂ ಹೋಗುತ್ತದೆ. ಬೇರೆ ಪ್ರತಿ ಇಲ್ಲದಿದ್ದರೆ ಬಲ್ಲವರ ಕೈಗೆ ಕೊಡುವುದೇ ಸರಿ.

ಹೆಸರಿಡುವುದೂ ಸಣ್ಣ ಕೆಲಸವಲ್ಲ. ಕೋಡಿಗೆ ಎಲ್ಲವೂ ಸಿನಿಮಾ. ಹಾಗೇ ಬಿಟ್ಟರೆ ಅಜ್ಜನ ಷಷ್ಟಿಪೂರ್ತಿಗೆ ಯಾವುದೋ ಪರದೇಶದ ಚಿತ್ರದ ಪೋಸ್ಟರ್ ಅಂಟಿಸೀತು. ಮನೆಯ ವಿಡಿಯೋಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು, ಅದಕ್ಕೆ ಅಂತರ್ಜಾಲದ ಮಾಹಿತಿ ಹುಡುಕಬಾರದೆಂದು ಹೇಳಿಡಿ. ಹೆಸರನ್ನು ಯುನಿಕೋಡ್ ಕನ್ನಡದಲ್ಲೇ ಟೈಪ್ ಮಾಡಿ. ಹಳೆಯ ಫಾಂಟುಗಳಲ್ಲಿ ಬರೆದದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗುತ್ತದೆ. ಪ್ರಸಂಗ, ಊರು, ವರ್ಷ, ಭಾಗವತರು, ಅರ್ಥಧಾರಿಗಳು, ಇಷ್ಟನ್ನು ಪ್ರತಿ ಫೋಲ್ಡರಿನಲ್ಲಿ ಒಂದು ಚಿಕ್ಕ ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಕ್ಯಾಸೆಟ್ಟಿನ ಹೊದಿಕೆಯಲ್ಲಿ ಏನೂ ಬರೆದಿಲ್ಲವಾದರೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸಿ. ದನಿ ಕೇಳಿ ಇಂಥವರದೆಂದು ಹೇಳಬಲ್ಲವರು ಅವರೇ.