ಬೆಟ್ಟಕ್ಕೆ ಬಂದವರು ಕೊಟ್ಟ ಪಾಲು

ನೀಲಗಿರಿಗೆ ಬರುವ ಪ್ರವಾಸಿಗನು ಈ ಬೆಟ್ಟದ ರಕ್ಷಣೆಗಾಗಿ ಹಣ ಕೊಡಬೇಕೇ, ಕೇಳಿದರೆ ಮನಸಾರೆ ಕೊಟ್ಟಾನೇ ಎಂಬ ಚರ್ಚೆ ಈಚಿನದೆಂದು ಅನೇಕರ ಭಾವನೆ. ನಮ್ಮ ಜಿಲ್ಲೆಯ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ಮೈಸೂರು ಸೀಮೆಯಿಂದ ಬೆಟ್ಟವೇರಿ, ಕೆತ್ತಿ ಮೊದಲಾದ ಹಟ್ಟಿಗಳಲ್ಲಿ ಬೇಸಾಯ ಹೂಡಿದ ಬಡಗರು, ತಮಗಿಂತ ಮೊದಲೇ ಇಲ್ಲಿ ನೆಲೆಸಿದ್ದ ತೋಡರಿಗೆ ಸುಗ್ಗಿಯ ಧಾನ್ಯದಲ್ಲಿ ಒಂದು ಪಾಲನ್ನು ಸಲ್ಲಿಸುತ್ತಿದ್ದರು. ಅದಕ್ಕೆ ‘ಗುಡು’ ಎಂದು ಹೆಸರು. 1819ರಲ್ಲಿ ಇಲ್ಲಿಗೆ ಬಂದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಅವರು ನೆಲದ ಹಕ್ಕು ತೋಡರದೆಂದು ಸರ್ಕಾರದೊಡನೆ ವಾದಿಸಿದರು. ಗುಡು ಎಂಬುದು ಭೂಮಿಯ ಗೇಣಿಯೋ, ಬರಿಯ ಕಾಣಿಕೆಯೋ ಎಂದು ಆಂಗ್ಲ ಅಧಿಕಾರಿಗಳು ಬಹುಕಾಲ ತರ್ಕಿಸಿದರು. ಕೊಡುವವರಿಗೆ ಆ ತರ್ಕ ಬೇಕಿರಲಿಲ್ಲವೆಂದು ನನ್ನ ಊಹೆ. ಕೊಟ್ಟ ಧಾನ್ಯ ಯಾರ ಮನೆ ಸೇರಿತೆಂಬುದು ಅವರ ಕಣ್ಣೆದುರಿಗೇ ಇತ್ತು.

ಉದಕಮಂಡಲದ ಸಸ್ಯೋದ್ಯಾನದ ಮೂಲವೂ ಚಂದಾ ಹಣವೇ. 1840ರ ದಶಕದಲ್ಲಿ ಅಲ್ಲಿನ ಯುರೋಪಿಯನ್ನರು ತಲಾ ತಿಂಗಳಿಗೆ 3 ರೂಪಾಯಿ ಹಾಕಿ, ಅಗ್ಗದ ದರದಲ್ಲಿ ತರಕಾರಿ ದೊರೆಯಲೆಂದು ತೋಟವೊಂದನ್ನು ಮಾಡಿಕೊಂಡರು. ಅದು ನಡೆಯಲಿಲ್ಲ. ಬಳಿಕ ಸಾರ್ವಜನಿಕ ಉದ್ಯಾನಕ್ಕೆಂದು ಚಂದಾ ಎತ್ತಿದಾಗ ಕಾರ್ಯ ಕೈಗೂಡಿತು; ಇಂಗ್ಲೆಂಡಿನ ಕ್ಯೂ ಉದ್ಯಾನದಿಂದ ಬಂದ ಮ್ಯಾಕೈವರ್ 1848ರಿಂದ ಅದಕ್ಕೆ ರೂಪ ಕೊಟ್ಟರು. ಇಂದು ಅಲ್ಲಿ ಟಿಕೆಟ್ಟಿನ ಹಣಕ್ಕಾಗಿ ಗೊಣಗಿದವರನ್ನು ನಾನು ಕಂಡಿಲ್ಲ. (ಸಾಲು ಉದ್ದವಾಯಿತೆಂದು ಗೊಣಗುತ್ತಾರೆ, ಅದು ಬೇರೆ ಮಾತು.)

ಕಾಡಿನ ವಿಷಯ ಅಷ್ಟು ಸುಲಭವಲ್ಲ. ಉದ್ಯಾನಕ್ಕೆ ಬಾಗಿಲುಂಟು. ಬಂಡೀಪುರ, ಮುದುಮಲೈಗಳ ನಡುವಿನ ಹೆದ್ದಾರಿಯಲ್ಲಿ ಬರುವವನು ಸಫಾರಿಯ ಟಿಕೆಟ್ಟಿಲ್ಲದೆಯೇ ಜಿಂಕೆ, ಆನೆಗಳನ್ನು ನೋಡಿಕೊಂಡು, ತಿಂಡಿಯ ಪೊಟ್ಟಣವನ್ನು ಕಿಟಕಿಯಿಂದಾಚೆ ಎಸೆದು ಬರುತ್ತಾನೆ. ಆ ಕಸಕ್ಕೆ ಬೆಲೆ ಕಟ್ಟುವುದು ಹೇಗೆ?

ಇದಕ್ಕೆ ಒಂದು ಉತ್ತರ ಹೆಂಡದಂಗಡಿಯಿಂದ ಬಂದಿತೆಂದರೆ ಓದುಗರು ನಗಬಾರದು. ಒಡೆದ ಬಾಟಲಿಗಳು ಆನೆಗಳ ಕಾಲಿಗೆ ಚುಚ್ಚುತ್ತಿದ್ದುದನ್ನು ಗಮನಿಸಿದ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ, 2022ರ ಮೇ ತಿಂಗಳಿನಿಂದ ಈ ಜಿಲ್ಲೆಯ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಯೊಂದಕ್ಕೆ 10 ರೂಪಾಯಿ ಹೆಚ್ಚಾಗಿ ಪಡೆದು, ಖಾಲಿ ಬಾಟಲಿ ತಂದವರಿಗೆ ಹಿಂದಿರುಗಿಸಲಾಗುತ್ತಿದೆ. ಬಹುಪಾಲು ಬಾಟಲಿಗಳು ಅಂಗಡಿಗೆ ಮರಳಿದವು. ಮುಂದೆ ಬೇರೆ ಜಿಲ್ಲೆಗಳಿಗೂ ಈ ಪದ್ಧತಿ ಹಬ್ಬಿತು.

2024ರ ಮೇ 7ರಿಂದ ಇ-ಪಾಸ್ ಬಂದಿದೆ. ಅದಕ್ಕೆ ಹಣವಿಲ್ಲ. 2025ರ ಏಪ್ರಿಲಿನಿಂದ ಜೂನ್‌ವರೆಗೆ ವಾರದ ದಿನಗಳಲ್ಲಿ 6,000, ಶನಿವಾರ-ಭಾನುವಾರ 8,000 ವಾಹನಗಳೆಂದು ನ್ಯಾಯಾಲಯವು ಮಿತಿ ಹಾಕಿತು. ಸರ್ಕಾರಿ ಬಸ್ಸಿನಲ್ಲಿ ಬರುವವರಿಗೆ ಪಾಸೇ ಬೇಡ. ದರ ಏರಿಸಿ ಜನರನ್ನು ತಡೆಯುವುದಕ್ಕಿಂತ ಇದು ನ್ಯಾಯವೆಂದು ನನಗೆ ತೋರುತ್ತದೆ; ದರ ಏರಿದರೆ ಕಾರಿನವನು ಕೊಟ್ಟು ಬರುತ್ತಾನೆ, ಗುಂಡ್ಲುಪೇಟೆಯಿಂದ ಮಕ್ಕಳೊಡನೆ ಬರುವ ಕೂಲಿಕಾರನು ಹಿಂದೆ ಉಳಿಯುತ್ತಾನೆ.

ಕೆತ್ತಿಯ ರೈಲು ನಿಲ್ದಾಣದಲ್ಲಿ ಪ್ರವಾಸಿಗರೊಡನೆ ಮಾತಿಗೆ ನಿಲ್ಲುವುದು ನಿವೃತ್ತಿಯ ನಂತರ ನನಗೆ ಅಭ್ಯಾಸವಾಗಿದೆ. ಬೆಟ್ಟಕ್ಕಾಗಿ ಇನ್ನಷ್ಟು ಹಣ ಕೊಡುವಿರಾ ಎಂದು ಕೇಳಿದರೆ ಇಲ್ಲವೆನ್ನುವವರು ವಿರಳ. ಆದರೆ ಅವರು ಮರುಪ್ರಶ್ನೆ ಹಾಕುತ್ತಾರೆ: “ಮೇಷ್ಟ್ರೇ, ಆ ಹಣ ಎಲ್ಲಿಗೆ ಹೋಗುತ್ತದೆ?”