ತಂಬಾಕಿನ ಕಂಪು ಬಂದ ದಾರಿ

ಹುಬ್ಬಳ್ಳಿಯ ಕೇಶ್ವಾಪುರದ ಯಾವುದೇ ಪಾನ್ ಅಂಗಡಿಯನ್ನು ಹಾದುಹೋಗುವವರಿಗೆ ಒಂದು ದಟ್ಟವಾದ ಸಿಹಿಗಂಧ ಪರಿಚಿತವೇ. ಬೆಲ್ಲದ ಪಾಕ, ಒಣಹುಲ್ಲು, ಏಲಕ್ಕಿ, ಗುಲಾಬಿಗಳು ಕೂಡಿದಂತಿರುವ ಅದು ಜರ್ದಾ, ಕಿಮಾಮುಗಳ ವಾಸನೆ. ಅದು ನಮ್ಮ ನಾಡಿನಲ್ಲಿ ಅನಾದಿಯಿಂದ ಇದ್ದದ್ದೆಂದು ತೋರಬಹುದು. ಇತಿಹಾಸ ಹಾಗೆ ಹೇಳುವುದಿಲ್ಲ.

ಗಂಧವಿದ್ಯೆಯೇನೋ ನಮ್ಮಲ್ಲಿ ಹಳೆಯದು. 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಸುಗಂಧದ್ರವ್ಯಗಳ ತಯಾರಿಕೆಯ ನಿರೂಪಣೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ತಾಂಬೂಲವನ್ನು ರಾಜಭೋಗಗಳಲ್ಲಿ ಒಂದಾಗಿ ವರ್ಣಿಸುತ್ತದೆ. ಈ ಗ್ರಂಥಗಳಲ್ಲಿ ತಂಬಾಕಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಅಮೆರಿಕ ಖಂಡದ ಆ ಗಿಡ ಪೋರ್ಚುಗೀಸರ ಮೂಲಕ ನಮ್ಮ ಪಶ್ಚಿಮ ಕರಾವಳಿಗೆ ಬಂದದ್ದು ಬಹುಕಾಲದ ಮೇಲೆ.

ಹಳೆಯ ವಿದ್ಯೆಯೂ ಹೊಸ ಎಲೆಯೂ ಒಂದೇ ಆಸ್ಥಾನದಲ್ಲಿ ಎದುರಾದುದು ಬಿಜಾಪುರದಲ್ಲಿ, ಎಂದರೆ ಇಂದಿನ ವಿಜಯಪುರದಲ್ಲಿ. ಎರಡನೆಯ ಇಬ್ರಾಹಿಂ ಆದಿಲಶಾಹನು (1580–1627) ಸಂಗೀತಪ್ರಿಯನಷ್ಟೇ ಅಲ್ಲ, ಸುಗಂಧಪ್ರಿಯನೂ ಹೌದು. ‘ಇತ್ರ್-ಇ-ನೌರಸ್ ಶಾಹಿ’ ಎಂಬ ಸುಗಂಧಶಾಸ್ತ್ರದ ಗ್ರಂಥ ಅವನಿಗಾಗಿಯೇ ರಚಿತವಾಯಿತು. ಸುಮಾರು 1604ರಲ್ಲಿ ಈ ಆಸ್ಥಾನದಿಂದ ಮರಳಿದ ಅಕ್ಬರನ ದೂತ ಅಸದ್ ಬೇಗನು, ತಾನು ಎಲ್ಲಿಯೂ ಕಾಣದ ತಂಬಾಕನ್ನು ಬಿಜಾಪುರದಲ್ಲಿ ಕಂಡು, ರತ್ನಖಚಿತ ನಳಿಗೆಯೊಡನೆ ಆಗ್ರಾಕ್ಕೆ ಒಯ್ದನೆಂದು ತಾನೇ ಬರೆದಿಟ್ಟಿದ್ದಾನೆ. ಆ ಎಲೆಯನ್ನು ತುಂಬಿದ್ದು ಸುಲ್ತಾನನು ಕೊಟ್ಟಿದ್ದ ಎಲೆಯಡಿಕೆಯ ಸಂಚಿಯಲ್ಲಿ! ವೈದ್ಯನು ತಡೆದರೂ ಅಕ್ಬರನು ಒಂದೆರಡು ಸಲ ಸೇದಿ ನೋಡಿದನು, ರೂಢಿ ಮಾಡಿಕೊಳ್ಳಲಿಲ್ಲ. ಸರದಾರರು ಮಾಡಿಕೊಂಡರು. 1617ರಲ್ಲಿ ಜಹಾಂಗೀರನು ನಿಷೇಧಿಸಿದರೂ ಅದು ನಿಲ್ಲಲಿಲ್ಲ.

ಆ ಸಂಚಿ ಮುಂದಿನ ಕಥೆಗೆ ಒಳ್ಳೆಯ ಸಂಕೇತ. ಕರ್ಪೂರ ಕಸ್ತೂರಿಗಳಿಗೆ ಒಗ್ಗಿದ ತಾಂಬೂಲದೊಳಗೆ ತಂಬಾಕು ಸೇರಿಕೊಂಡಿತು. ಹುಕ್ಕಾದ ತಂಬಾಕಿಗೆ ಬೆಲ್ಲ, ಕಾಕಂಬಿ ಬೆರೆತವು. ಎಲೆಯನ್ನು ಕುದಿಸಿ ಗಟ್ಟಿಮಾಡಿದ ಕಿಮಾಮಿಗೆ ಕೇಸರಿ, ಏಲಕ್ಕಿ ಕೂಡಿದವು. ಖಾರವನ್ನು ಮರೆಸುವ ಕೆಲಸ ಕಂಪಿನ ಪಾಲಿಗೆ ಬಂತು.

ಎಲೆಗೂ ತನ್ನದೇ ಪರಿಮಳವುಂಟು. ಹಸಿಯಾಗಿದ್ದಾಗ ಅದು ಅಷ್ಟಾಗಿ ತೋರುವುದಿಲ್ಲ. ಹದವಾಗಿ ಒಣಗಿಸಿ, ಮಾಗಲು ಬಿಟ್ಟಾಗ ಬಣ್ಣ ಕಂದುಗಟ್ಟಿ ಜೇನಿನಂಥ ಸಿಹಿಗಂಧ ಹೊಮ್ಮುತ್ತದೆ. ಇದನ್ನು ಹಿಡಿಯಲು ಯುರೋಪಿನ ಗಂಧಕಾರರಿಗೆ ರಸಾಯನಶಾಸ್ತ್ರವೂ ನೆರವಾಯಿತು. ಒಣಹುಲ್ಲಿನ ಕಂಪುಳ್ಳ ಕೂಮರಿನನ್ನು 1868ರಲ್ಲಿ ಪರ್ಕಿನ್ ಕೃತಕವಾಗಿ ತಯಾರಿಸಿದನು. 1919ರಲ್ಲಿ ಫ್ರಾನ್ಸಿನ ಕಾರೋಂ ಸಂಸ್ಥೆಯ ‘ತಬಾ ಬ್ಲಾಂ’ ಹೊರಬಂತು. ಸಿಗರೇಟಿಗೆ ಪೂಸಲೆಂದು 1921ರಲ್ಲಿ ಬಂದ ಮೊಲಿನಾರ್ ಸಂಸ್ಥೆಯ ‘ಹಬನಿತಾ’ ಬಳಿಕ ಮೈಗೆ ಹಚ್ಚುವ ಸುಗಂಧವಾಯಿತು. ಅಲ್ಲಿ ಗಂಧವು ಹೊಗೆಯನ್ನು ತೊರೆದು ಶೀಸೆ ಸೇರಿತು. ಇಲ್ಲಿ ಎಲೆಯ ಜೊತೆಯಲ್ಲೇ ಉಳಿಯಿತು.

ಈ ಭೇದ ಸಣ್ಣದಲ್ಲ. ಶೀಸೆಯ ಗಂಧ ಮೂಗನ್ನು ತಣಿಸಿ ಸುಮ್ಮನಾಗುತ್ತದೆ. ಜಗಿಯುವ ತಂಬಾಕು ಬಾಯಿಯ ಅರ್ಬುದಕ್ಕೆ ದಾರಿಮಾಡುತ್ತದೆ. 2013ರಲ್ಲಿ ಕರ್ನಾಟಕ ಸರಕಾರ ಗುಟಕಾವನ್ನು ನಿಷೇಧಿಸಿದ್ದು ಈ ಹಾನಿಯನ್ನು ಕಂಡೇ. ನಿಪ್ಪಾಣಿಯ ಸೀಮೆಯಲ್ಲಿ ಬೀಡಿ ಕಟ್ಟುವ, ತಂಬಾಕು ಹದಗೊಳಿಸುವ ಹೆಣ್ಣುಮಕ್ಕಳಿಗೆ ಅದರ ಘಾಟು, ಧೂಳುಗಳೇ ನಿತ್ಯದ ಪಾಲು. 1981ರಲ್ಲಿ ಅಲ್ಲಿಯ ಬೆಳೆಗಾರರು ನ್ಯಾಯವಾದ ಬೆಲೆ ಕೇಳಿ ಚಳವಳಿ ಹೂಡಿದಾಗ ಗೋಲೀಬಾರಿನಲ್ಲಿ ಜೀವಗಳೂ ಹೋದವು.

ನಮ್ಮ ಪೂರ್ವಿಕರ ಗಂಧವಿದ್ಯೆ ನಿಜಕ್ಕೂ ದೊಡ್ಡದು. ಅದನ್ನು ಹೆಮ್ಮೆಯಿಂದ ನೆನೆಯುವಾಗ, ಆ ವಿದ್ಯೆ ಯಾವುದನ್ನು ಮರೆಮಾಡಲು ಬಳಕೆಯಾಯಿತೆಂಬುದನ್ನೂ ನೆನೆಯುವುದು ಇತಿಹಾಸಕ್ಕೆ ನಾವು ಸಲ್ಲಿಸಬೇಕಾದ ಋಣ.